ಮಿಸ್ ಟ್ವಿಲ್ ಬಾಳಿದ ಮನೆ

ಫೆಬ್ರವರಿ 4, 1986. ಮಂಗಳವಾರ

ಇವತ್ತೂ ನನ್ನ ಬಾಯಿಂದ ‘ಬೇಡ’ ಬರಲಿಲ್ಲ.

ಮಿಸೆಸ್ ಫರ್ನಿವಲ್ ಬಂದಿದ್ದರು. ಆಬ್ರಿ ಕಾಲ್ವರ್ಟ್ ಅಭಿಮಾನಿ ಸಂಘದ ಅಧ್ಯಕ್ಷೆ. ಬಿಡುವಿಲ್ಲದವರು, ಪಾಪ, ಒಳ್ಳೆಯ ಮನಸ್ಸಿನವರು. ಬೂಟಿಗೆ ಮೆತ್ತಿದ ಹಿಮವನ್ನು ಹೊಸಿಲಲ್ಲೇ ಒದರಿ, ಟೀ ಬೇಡವೇ ಬೇಡ ಅಂದು ಎರಡು ಕಪ್ ಕುಡಿದರು. ಕಾಲ್ವರ್ಟ್ ಅವರ ಕಾದಂಬರಿ ಅಚ್ಚಾಗಿ ಈ ಮೇ ತಿಂಗಳಿಗೆ ಐವತ್ತು ವರ್ಷ. ಹೋದ ವರ್ಷ ಅದು ಟೀವಿಯಲ್ಲಿ ಧಾರಾವಾಹಿಯಾಗಿ ಬಂದಮೇಲೆ ನಮ್ಮ ಮಾರ್ಲ್‌ಹ್ಯಾಮಿಗೆ ಬಸ್ಸುಗಟ್ಟಲೆ ಜನ ಬರುತ್ತಿದ್ದಾರೆ. ಕಾಲ್ವರ್ಟ್ ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಹೆಸರು ಮಾತ್ರ ಗೇಣು ಗೇಣಾಗಿ ಬೆಳೆಯುತ್ತಲೇ ಇದೆ. ಅದಕ್ಕೇ ಸಂಘದವರು ನನ್ನ ಮನೆಯ ಮುಂಗೋಡೆಗೆ ದುಂಡನೆಯ ನೀಲಿ ಫಲಕ ಹಾಕಿಸುತ್ತಾರಂತೆ. ದೊಡ್ಡವರು ಹುಟ್ಟಿದ ಮನೆಗಳಿಗೆ ಹಾಕುತ್ತಾರಲ್ಲ, ಅಂಥದ್ದು.

“ಏನಂತ ಬರೆಸ್ತೀರಿ?” ಎಂದು ಕೇಳಿದೆ.

ಕನ್ನಡಕ ಏರಿಸಿ ಓದಿದರು: “ಆಬ್ರಿ ಕಾಲ್ವರ್ಟ್ ಅವರ ಅಮರ ಪಾತ್ರ ಮಿಸ್ ಟ್ವಿಲ್ ಬಾಳಿದ ಮನೆ.”

“ಕೆಳಗೆ ಸಣ್ಣಗಾದ್ರೂ ನನ್ನ ಹೆಸರು, ಡೋರಾ ಹೆಸ್ಕಿತ್ ಅಂತ...”

“ಅಯ್ಯೋ, ಜಾಗ ಎಲ್ಲಿದೆ ಡಿಯರ್? ಅಲ್ದೆ ಹೆಸ್ಕಿತ್ ಅಂದ್ರೆ ಯಾರಿಗೆ ಗೊತ್ತಾಗುತ್ತೆ? ನಿಮಗೇನೂ ಬೇಸರ ಇಲ್ಲ ತಾನೇ, ಮಿಸ್ ಟ್ವಿಲ್?”

“ಛೆ ಛೆ, ಬೇಸರ ಎಂಥದ್ದು! ಸಂತೋಷವೇ.”

ನಮ್ಮಲ್ಲಿ ‘ಬೇಸರವಿಲ್ಲ ತಾನೇ’ ಎಂಬ ಪ್ರಶ್ನೆಗೆ ಬೇರೆ ಉತ್ತರ ಇಲ್ಲ. ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುವ ಊರು ಇದು. ನಗೆಯಾಡಿದರೆ ಜೊತೆಗೆ ನಗಬೇಕು, ಇಲ್ಲದಿದ್ದರೆ ಮನುಷ್ಯರೇ ಅಲ್ಲ ಎಂದು ಲೆಕ್ಕ. ನಾನು ಐವತ್ತು ವರ್ಷ ಜೊತೆಗೆ ನಕ್ಕಿದ್ದೇನೆ. ಆದರೆ ಗೋಡೆ ನನ್ನ ನಂತರವೂ ಇರುತ್ತದೆ. ನಾನು ಹೋದಮೇಲೆ ಇಲ್ಲಿ ಬದುಕಿದ್ದು ಅವಳೇ ಹೊರತು ನಾನಲ್ಲ ಎಂದು ಅದು ಹಾದುಹೋಗುವವರಿಗೆಲ್ಲ ಹೇಳುತ್ತಲೇ ಇರುತ್ತದೆ. ಹೇಗಾದರೂ ಮಾಡಿ ಬೇಡ ಅನ್ನಲೇಬೇಕು.

ಫೆಬ್ರವರಿ 11, ಮಂಗಳವಾರ

ನಾಳೆಯಿಂದ ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ವಾಡಿಕೆಯಂತೆ ಪಕ್ಕದ ಮನೆಯ ಬೆರಿಲ್ ಪ್ಯಾನ್‌ಕೇಕ್ ತಿನ್ನಲು ಕರೆದಳು. ಕಟುಕನ ವಿಧವೆ, ಉತ್ತರದ ಕಡೆಯವಳು. ಮಾತಿಗೆ ಸಕ್ಕರೆ ಸವರುವುದು ಅವಳಿಗೆ ಗೊತ್ತಿಲ್ಲ.

“ಬೇಡ. ಎರಡೇ ಅಕ್ಷರ ಕಣೇ,” ಅಂದಳು, ಬಾಣಲೆ ಕುಲುಕುತ್ತ. “ಹೇಳು ನೋಡೋಣ.”

“ಬೇಡ.”

“ಇದೇನೇ ಇದು, ಇನ್ನೊಂದು ಪ್ಯಾನ್‌ಕೇಕ್ ಹಾಕು ಅನ್ನೋ ಹಾಗಿದೆ. ಜೋರಾಗಿ ಹೇಳೇ ಮಾರಾಯ್ತಿ.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಗಂಭೀರವಾಗಿ, “ಅಲ್ಲ ಡೋರಾ, ಆ ಪುಸ್ತಕ ಬಂದಾಗ್ಲೇ ನಿಮ್ಮಮ್ಮ ಯಾಕೆ ಜಗಳ ಮಾಡ್ಲಿಲ್ಲ?” ಎಂದು ಕೇಳಿದಳು. ಅಮ್ಮನಿಗೆ ಜಗಳ ಎಲ್ಲಿ ಬರುತ್ತಿತ್ತು! ಕಾಲ್ವರ್ಟ್ ಅವರು ಬೇಸಿಗೆಗೆಂದು ನಮ್ಮ ಮಹಡಿಯ ಕೋಣೆ ಬಾಡಿಗೆಗೆ ಹಿಡಿದಿದ್ದರು. ಸಂಜೆ ಕೆಳಗಿಳಿದು ನಾನು ಮಾಡಿದ ಜೀರಿಗೆ ಕೇಕನ್ನು ತಿಂದು, “ಇನ್ನೊಂದು ತುಂಡು ಕೊಡ್ತೀರಾ ಮಿಸ್ ಹೆಸ್ಕಿತ್? ಇಂಥದ್ದು ಲಂಡನ್ನಲ್ಲಿ ಸಿಗೋಲ್ಲ,” ಅನ್ನುತ್ತಿದ್ದರು. ನಾನು ಆಗಲೂ ಈಗಿನಂತೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೆ. ಮರುವರ್ಷ ಪುಸ್ತಕ ಬಂತು. ಅದರಲ್ಲಿ ಮಿಸ್ ಟ್ವಿಲ್ ಎಂಬವಳು ಊರಿಗೆ ಬಂದ, ಇನ್ನೂ ಮದುವೆಯಾಗದ ಕಿರಿಯ ಪಾದ್ರಿಗಳ ಹಿಂದೆಲ್ಲ ಬಟ್ಟೆ ಮುಚ್ಚಿದ ಕೇಕು ಹಿಡಿದು ಓಡುತ್ತಾಳೆ. ಅವಳು ಆರ್ಗನ್ನನ್ನು ಎಷ್ಟು ನಿಧಾನ ನುಡಿಸುತ್ತಾಳೆಂದರೆ, ಬಾಗಿಲಲ್ಲಿ ಹೆಜ್ಜೆ ಇಟ್ಟ ವಧು ದೇವಪೀಠ ಮುಟ್ಟುವಷ್ಟರಲ್ಲಿ ವಿಧವೆಯಾಗುವ ವಯಸ್ಸಿಗೆ ಬಂದಿರುತ್ತಾಳೆ.

ಊರೆಲ್ಲ ನಕ್ಕಿತು. ಅಮ್ಮನೂ ನಕ್ಕಳು, ಅಡುಗೆಮನೆಗೆ ಹೋಗಿ ಅತ್ತಳು.

ಫೆಬ್ರವರಿ 23, ಭಾನುವಾರ

ಪ್ರಾರ್ಥನೆ ಮುಗಿದಮೇಲೆ ಪ್ರವಾಸಿಗಳು ಆರ್ಗನ್ನಿನ ಸುತ್ತ ನೆರೆದರು. “ಪುಸ್ತಕದಲ್ಲಿರೋ ಹಾಗೆ ನಿಧಾನವಾಗಿ ನುಡಿಸ್ತೀರಾ?” ಎಂದು ಒಬ್ಬ ದಪ್ಪನೆಯ ಮನುಷ್ಯ ಕೇಳಿದ. ನುಡಿಸಿದೆ. ಚಪ್ಪಾಳೆ ಹೊಡೆದರು. ಪಾಪ, ಅಷ್ಟು ದೂರದಿಂದ ಬಂದವರು.

ಈಗೀಗ ಭಯವಾಗುತ್ತಿದೆ. ಒಬ್ಬಳೇ ಇದ್ದಾಗ ನನ್ನ ಓಟದಲ್ಲಿ ನುಡಿಸೋಣವೆಂದರೆ ನನ್ನ ಓಟ ಯಾವುದೆಂದು ಕೈಗೆ ತಿಳಿಯುವುದಿಲ್ಲ.

ಮಾರ್ಚ್ 6, ಗುರುವಾರ

ಗ್ರಂಥಾಲಯದಲ್ಲಿ ಉಪನ್ಯಾಸ. ಪ್ರೊಫೆಸರ್ ಲ್ಯಾಂಗ್‌ಟ್ರೀ, ಕೇಂಬ್ರಿಜ್‌ನಿಂದ ಬಂದವರು. ಕಾಲ್ವರ್ಟ್ ಅವರ ನಗು ಕಟಕಿಯಲ್ಲ, ಕರುಣೆ ಅಂದರು. ಅವರ ಕಾಲದ ಎಷ್ಟೋ ಲೇಖಕರ ಹೆಸರು ಧೂಳು ಹಿಡಿದಿದೆ, ಇವರದು ಮಾತ್ರ ಇಂಗ್ಲಿಷ್ ಮಾತಾಡುವವರು ಇರುವ ತನಕ ಉಳಿಯುತ್ತದೆ, ಅದಕ್ಕೆ ಕಾರಣ ಮಿಸ್ ಟ್ವಿಲ್ ಒಬ್ಬಳೇ ಎಂದೂ ಅಂದರು. “ಲೇಖಕ ಆಕೆಯನ್ನು ಅಪಾರವಾಗಿ ಪ್ರೀತಿಸಿದ್ದರಿಂದಲೇ ಆಕೆ ಸಾಯಲಿಲ್ಲ.”

ನಾನು ಮೂರನೆಯ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟು ಕೂತಿದ್ದೆ. ಕೊನೆಯಲ್ಲಿ ಮಿಸೆಸ್ ಫರ್ನಿವಲ್ ಎದ್ದು, “ಆಕೆ ಇಲ್ಲೇ ಇದ್ದಾರೆ!” ಎಂದು ನನ್ನ ಕಡೆ ಕೈ ಮಾಡಿದರು. ಪ್ರೊಫೆಸರರ ಮುಖ ಕೆಂಪಾಯಿತು.

“ಓಹ್! ಇನ್ನೂ... ಅಂದರೆ, ಭೇಟಿ ಆಗಿದ್ದು ಸಂತೋಷ,” ಅಂದರು.

ಇನ್ನೂ ಇದ್ದದ್ದಕ್ಕೆ ನಾನು ಕ್ಷಮೆ ಕೇಳಿದೆ. ನಿಜವಾಗಿಯೂ ಕೇಳಿದೆ.

ಮಾರ್ಚ್ 19, ಬುಧವಾರ

ಇವತ್ತು ನಾನೇ ಫರ್ನಿವಲ್ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ‘ಬೇಡ, ಬೇಡ’ ಎಂದು ಬಾಯಿಪಾಠ ಮಾಡಿದೆ. ಅವರು ಬಾಗಿಲು ತೆರೆದು ಕೋಟು ಬಿಚ್ಚಿಸಿ ಬೆಂಕಿಯ ಹತ್ತಿರ ಕೂರಿಸಿದರು. “ಫಲಕದ ವಿಚಾರ... ಸ್ವಲ್ಪ ಯೋಚನೆ ಮಾಡಬೇಕೇನೋ ಅನ್ನಿಸ್ತಿದೆ,” ಅಂದೆ. ನಮ್ಮಲ್ಲಿ ಇದಕ್ಕಿಂತ ಕಠಿಣವಾದ ಮಾತಿಲ್ಲ. ಇದರ ಅರ್ಥ ‘ಸತ್ತರೂ ಆಗದು’ ಎಂದು ಆಕೆಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಕ್ಕರು.

“ನೀವು ಅಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ಎರಡು ಮಾತು ಆಡಿ, ಫಲಕದ ಪರದೆಯ ದಾರ ಎಳೆದ್ರೆ ಮುಗೀತು. ಓ, ಕೇಕಿನ ಬಗ್ಗೆ ಯೋಚಿಸ್ತಿದ್ರಾ? ನೂರು ಜನಕ್ಕೆ ಸಾಕು.”

“ನೂರು ಜನಕ್ಕೆ... ಪರವಾಗಿಲ್ಲ.”

ಬೇಡ ಅನ್ನಲು ಹೋದವಳು ಭಾಷಣವನ್ನೂ ಕೇಕನ್ನೂ ಹೊತ್ತುಕೊಂಡು ಬಂದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ. ಈ ಬೆಕ್ಕು ಹೊಟ್ಟೆ ತುಂಬಿದ ಬೆಕ್ಕು ಬೇರೆ. ತಿನ್ನುವುದಿಲ್ಲ, ಬಿಡುವುದೂ ಇಲ್ಲ.

ಮಾರ್ಚ್ 30, ಈಸ್ಟರ್ ಭಾನುವಾರ

ಪಾದ್ರಿಗೆ ಹೇಳಿಕೊಂಡೆ. ಬೇರೆ ದಾರಿ ಉಳಿದಿರಲಿಲ್ಲ. ಎಲ್ಲರೂ ಹೋದಮೇಲೆ, ಲಿಲ್ಲಿ ಹೂವಿನ ಹೂದಾನಿಗಳ ನಡುವೆ ನಿಂತು, “ನನಗೆ ಆ ಫಲಕ ನೋಡಿಕೊಂಡು ಬದುಕೋಕೆ ಆಗಲ್ಲ,” ಅಂದೆ.

ಆತ ತಲೆ ವಾಲಿಸಿದ. ಈ ಮನುಷ್ಯ ತಲೆ ವಾಲಿಸಿದರೆ ಕನಿಕರ ಎಡಗಿವಿಯಿಂದ ಸೋರಿಹೋಗುತ್ತದೇನೋ ಎಂದು ಹಿಡಿದುಕೊಳ್ಳಬೇಕು ಅನ್ನಿಸುತ್ತದೆ.

“ನಮ್ಮನ್ನ ನೋಡಿ ನಾವೇ ನಗೋದು ದೊಡ್ಡ ವರ, ಮಿಸ್ ಟ್ವಿಲ್. ಅದೂ ವಿನಯದ ಒಂದು ರೂಪ.”

“ನಾನು ನಕ್ಕಿದ್ದೀನಿ. ಐವತ್ತು ವರ್ಷ.”

“ನೋಡಿ ಮತ್ತೆ! ಇನ್ನೊಂದಿಷ್ಟು ದಿನ ಅಷ್ಟೇ,” ಅಂದ. ಅಷ್ಟರಲ್ಲಿ ಅವನ ಹೆಂಡತಿ ಊಟಕ್ಕೆ ಕರೆದಳು. ಕುರಿಮಾಂಸದ ವಾಸನೆ ಬಂದದ್ದೇ ತಡ, ತಲೆ ನೆಟ್ಟಗಾಯಿತು.

ದೇವರು ಇವತ್ತು ಸಮಾಧಿಯಿಂದ ಎದ್ದನಂತೆ. ನನ್ನನ್ನು ಯಾರೂ ಏಳಿಸುವುದಿಲ್ಲ.

ಏಪ್ರಿಲ್ 14, ಸೋಮವಾರ

ಗೋಡೆ ಕೊರೆದರು. ನಾನು ಒಳಗೆ ಕುರ್ಚಿಯ ತೋಳು ಹಿಡಿದು ಕೂತಿದ್ದೆ. ಕೊರೆಯುವ ಸದ್ದು ಹಲ್ಲಿನವರೆಗೂ ಬಂತು. ಫಲಕದ ಮೇಲೆ ಪುಟ್ಟ ಕೆಂಪು ಪರದೆ ಇಳಿಬಿಟ್ಟಿದ್ದಾರೆ, ದಾರದ ಸಮೇತ.

ಏಪ್ರಿಲ್ 15

ಹೊರಗೆ ಹೋಗಲಿಲ್ಲ.

ಏಪ್ರಿಲ್ 22, ಮಂಗಳವಾರ

ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಷ್ಟೋ ವರ್ಷಗಳ ನಂತರ. ದ್ವೇಷಕ್ಕೆ ಒಂದಿಷ್ಟು ಸೌದೆ ಸಿಗಲಿ ಅಂತ ಓದಿದ್ದು. ಆದರೆ ಮೇಜರನ ನಾಯಿ ಬಿಷಪ್ಪನ ಟೋಪಿಯಲ್ಲಿ ಮರಿ ಹಾಕುವ ಕಡೆ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಾಲ್ವರ್ಟನ ಕೈ ಎಲ್ಲೂ ನಡುಗಿಲ್ಲ. ಊರಿನವರೆಲ್ಲ ಅದರಲ್ಲಿದ್ದರು, ಬೇರೆಯವರನ್ನು ಬರೀ ಕಚ್ಚಿದ್ದಾನೆ, ಅವರ ಹೆಸರೂ ಗಾಯವೂ ಅವರ ಜೊತೆಗೇ ಮಣ್ಣಾದವು. ನನ್ನ ಪುಟಗಳಿಗೆ ಬಂದಾಗ ಮಾತ್ರ ಅವನು ತನ್ನನ್ನೇ ಮೀರಿ ಬರೆದಿದ್ದಾನೆ.

ಕೆಟ್ಟದಾಗಿ ಬರೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹ್ಯೂ ಮಾರ್ಡನ್ ನೆನಪಾದರು. ಅವರು ಆಗ ನಮ್ಮ ಚರ್ಚಿನ ಕಿರಿಯ ಪಾದ್ರಿ. ಸಂಜೆಯ ಪ್ರಾರ್ಥನೆ ಮುಗಿಸಿ ಇಬ್ಬರೂ ಹೊಳೆಯ ಸೇತುವೆವರೆಗೆ ನಡೆದುಹೋಗುತ್ತಿದ್ದೆವು. ಅವರಿಗೆ ನಿಜವಾಗಿಯೂ ಕೇಕು ಇಷ್ಟ, ಅದರಲ್ಲಿ ನಗುವಂಥದ್ದು ಏನಿತ್ತು? ಬೇಸಿಗೆ ಮುಗಿದಮೇಲೆ ಅಮ್ಮನ ಹತ್ತಿರ ಮಾತಾಡುತ್ತೇನೆ ಅಂದಿದ್ದರು. ಪುಸ್ತಕ ಬಂದಮೇಲೆ ಅವರು ನನ್ನ ಪಕ್ಕ ನಿಂತರೆ ಸಾಕು, ಚರ್ಚಿನ ಬೆಂಚುಗಳಲ್ಲಿ ನಗು ಮುಚ್ಚುವ ಕೆಮ್ಮು ಶುರುವಾಗುತ್ತಿತ್ತು. ಅಕ್ಟೋಬರಿನಲ್ಲಿ ಉತ್ತರದ ಯಾವುದೋ ಗಣಿ ಊರಿಗೆ ವರ್ಗ ಕೇಳಿ ಹೋದರು. ಸ್ಟೇಷನ್ನಿನಲ್ಲಿ ಟೋಪಿ ಎತ್ತಿದರು, ಅಷ್ಟೆ. ಅವರನ್ನು ನಾನು ಬೈಯಲಾರೆ. ಗಾದೆಯಾಗಿಹೋದ ಹೆಂಗಸನ್ನು ಯಾರು ಮದುವೆಯಾಗುತ್ತಾರೆ?

ಮಧ್ಯಾಹ್ನ ಅದೇ ಸೇತುವೆಯ ಮೇಲೆ ಹೋಗಿ ನಿಂತೆ. ನೀರು ತುಂಬಿ ಹರಿಯುತ್ತಿತ್ತು. ತುಂಬ ಹೊತ್ತು ನಿಂತಿದ್ದೆ. ಆಗ ಮರುದಿನದ ಪತ್ರಿಕೆ ಕಣ್ಣಿಗೆ ಕಟ್ಟಿತು: ‘ಮಿಸ್ ಟ್ವಿಲ್ ನೀರುಪಾಲು.’ ಸಾಯುವುದಕ್ಕೂ ನನ್ನ ಹೆಸರಿಲ್ಲ. ಮನೆಗೆ ಬಂದು ಮೊಟ್ಟೆ ಬೇಯಿಸಿ ತಿಂದೆ.

ಮೇ 3, ಶನಿವಾರ

ಫಲಕದ ಅನಾವರಣಕ್ಕೆ ತಾಲೀಮು ನಡೆಯಿತು. ಇಷ್ಟು ದಿನ ಇವರನ್ನು ನಾನು ಕಣ್ಣುಬಿಟ್ಟು ನೋಡಿಯೇ ಇರಲಿಲ್ಲ. ಫರ್ನಿವಲ್ಲಳ ಟೋಪಿಯ ಮೇಲೆ ಒಂದು ಇಡೀ ಹಕ್ಕಿ ಕೂತಿದೆ. ಅದರ ಮುಖದಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸೋತ ಭಾವ. ಅವಳು ಮಾತಾಡುವಾಗ ಎದುರಿಗಿದ್ದವರ ತೋಳನ್ನು ಮೃದುವಾಗಿ ತಟ್ಟುತ್ತಾಳೆ, ಹಣ್ಣು ಮಾಗಿದೆಯೋ ನೋಡುವವಳ ಹಾಗೆ. ಮೇಯರ್ ತನ್ನ ಚಿನ್ನದ ಸರ ಹಾಕಿಕೊಂಡೇ ಬಂದಿದ್ದ. ಅದನ್ನು ತೆಗೆದರೆ ಒಳಗೆ ಯಾರೂ ಇಲ್ಲವೆಂದು ಜನಕ್ಕೆ ತಿಳಿದುಬಿಡುತ್ತದೆ ಎಂಬ ಹೆದರಿಕೆ ಇರಬೇಕು. ಪಾದ್ರಿ ದಾರ ಎಳೆಯುವುದನ್ನು ನನಗೆ ಮೂರು ಸಲ ಕಲಿಸಿದ. ದಾರ ಎಳೆಯುವುದೂ ದೇವತಾಶಾಸ್ತ್ರವೇ ಆಗಿದ್ದರೆ ಅವನಿಗೆ ಬಡ್ತಿ ಖಂಡಿತ.

ಬೆರಿಲ್‌ಗೆ ಇದನ್ನು ಹೇಳಿದೆ. ನಕ್ಕೂ ನಕ್ಕೂ ಬಿಕ್ಕಳಿಕೆ ಹಿಡಿಯಿತು ಅವಳಿಗೆ. “ಏನೇ ಇದು ಡೋರಾ, ಇಂಥ ನಾಲಿಗೆ ಎಲ್ಲಿತ್ತೇ ಇಷ್ಟು ದಿನ?” ಅಂದಳು.

ನನಗೆ ನಗು ಬರಲಿಲ್ಲ. ಮೈಯೆಲ್ಲ ಭಾರ. ಇನ್ನು ಒಂದು ವಾರ.

ಮೇ 9, ಶುಕ್ರವಾರ

ಕೇಕು ಬೇಯುತ್ತಿದೆ. ಮನೆಯೆಲ್ಲ ಜೀರಿಗೆ ವಾಸನೆ. ಬೇಡ ಅನ್ನಲು ಇನ್ನೂ ಸಮಯವಿದೆ ಎಂದು ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ, ಕೈ ಮಾತ್ರ ಮುಂದಿನ ತಟ್ಟೆಗೆ ಬೆಣ್ಣೆ ಸವರುತ್ತಿದೆ.

ಮೇ 10, ಶನಿವಾರ

ಹೇಳಿದೆ.

ಬೀದಿ ತುಂಬ ಜನ. ಕೇಕು ಮೊದಲೇ ಖಾಲಿ. ಮೇಯರ್ ಮಾತಾಡಿದ, ಫರ್ನಿವಲ್ ಮಾತಾಡಿದಳು. ಆಮೇಲೆ ದಾರವನ್ನು ನನ್ನ ಕೈಗಿತ್ತು ಮೈಕಿನ ಮುಂದೆ ನಿಲ್ಲಿಸಿದರು. ಬರೆದುಕೊಂಡಿದ್ದ ವಂದನೆಯ ಚೀಟಿ ಕೋಟಿನ ಜೇಬಿನಲ್ಲಿತ್ತು. ಕೈ ಅದರ ಕಡೆ ಹೋಗಲಿಲ್ಲ.

“ನನ್ನ ಹೆಸರು ಡೋರಾ ಹೆಸ್ಕಿತ್,” ಅಂದೆ. ನಕ್ಕರು.

“ಈ ಫಲಕ ನನಗೆ ಬೇಡ.” ಇನ್ನೂ ಜೋರಾಗಿ ನಕ್ಕರು. “ಥೇಟ್ ಮಿಸ್ ಟ್ವಿಲ್!” ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಪುಸ್ತಕದಲ್ಲಿ ಅವಳು ಹೀಗೇ ಎಲ್ಲವನ್ನೂ ಮನಸ್ಸಿಟ್ಟು ಹೇಳುತ್ತಾಳೆ. ನಾನು ಎಷ್ಟು ನಿಜ ಹೇಳಿದರೆ ಅಷ್ಟು ಅವಳಾಗುತ್ತೇನೆ ಎಂದು ಅಲ್ಲಿ ನಿಂತಾಗ ಹೊಳೆಯಿತು. ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆದರೂ ನಿಲ್ಲಿಸಲಿಲ್ಲ.

“ಪುಸ್ತಕ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ನನಗೆ ನೋವಾಯ್ತು. ಈಗಲೂ ನೋವಾಗ್ತಿದೆ. ನೀವು ಬೇಸರ ಇಲ್ಲ ತಾನೇ ಅಂತ ಕೇಳಿದಾಗೆಲ್ಲ ಇಲ್ಲ ಅಂದೆ. ಅದು ಸುಳ್ಳು. ನಿಮಗೂ ಗೊತ್ತಿತ್ತು ಸುಳ್ಳು ಅಂತ.”

ಮುಂದಿನ ಸಾಲಿನ ನಗು ನಿಂತಿತು. ಹಿಂದಿನವರು ಇನ್ನೂ ನಗುತ್ತಿದ್ದರು, ಅವರಿಗೆ ಸುದ್ದಿ ಮುಟ್ಟಿರಲಿಲ್ಲ.

“ಹ್ಯೂ ಮಾರ್ಡನ್ ಅಂತ ಒಬ್ಬರಿದ್ರು. ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ, ಕೇಕು ತಿನ್ನೋ ಪಾದ್ರಿ ಅಷ್ಟೇ. ನಾವು ಮದುವೆ ಆಗೋರಿದ್ವಿ. ನೀವೆಲ್ಲ ನಕ್ಕಿದ್ದಕ್ಕೆ ಅವರು ಹೋದ್ರು.”

ಹಿಂದೆ ಒಬ್ಬ ಇನ್ನೂ ನಗುತ್ತಿದ್ದ. ಹೆಂಡತಿ ಮೊಣಕೈಯಿಂದ ತಿವಿದಳು.

ದಾರವನ್ನು ಮೇಯರ್ ಕೈಗೆ ಕೊಟ್ಟೆ. ಅತಿಥಿ ಎಳೆಯದ ದಾರವನ್ನು ಇನ್ನೊಬ್ಬರು ಎಳೆಯುವುದು ಎಲ್ಲಾದರೂ ಉಂಟೇ? ಅವನು ಅದನ್ನು ಫರ್ನಿವಲ್ಲಳಿಗೆ ಕೊಟ್ಟ. ಅವಳು ಪಾದ್ರಿಗೆ ಕೊಟ್ಟಳು. ಅವನು ಸುತ್ತಲೂ ನೋಡಿ, ಕೊಡಲು ಯಾರೂ ಸಿಗದೆ, ಅದರ ತುದಿಯನ್ನು ನನ್ನ ಗುಲಾಬಿ ಗಿಡಕ್ಕೆ ಕಟ್ಟಿದ. ಆಮೇಲೆ ಆಕಾಶ ನೋಡಿ, “ಮಳೆ ಬರೋ ಹಾಗಿದೆ,” ಅಂದ. ಹೌದು ಹೌದು, ಮಳೆ ಬರೋ ಹಾಗೇ ಇದೆ ಎಂದು ನೂರು ಜನ ಒಟ್ಟಿಗೇ ಒಪ್ಪಿ ಕೊಡೆ ಬಿಚ್ಚಿದರು. ಅಷ್ಟು ಆಸೆಯಿಂದ ಮಳೆಯನ್ನು ಕಾದವರನ್ನು ನಾನು ಕಂಡಿಲ್ಲ.

ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮೇ 12, ಸೋಮವಾರ

ಬೆರಿಲ್ ಪತ್ರಿಕೆ ತಂದು ಬಚ್ಚಿಡಲು ನೋಡಿದಳು. ಕಿತ್ತುಕೊಂಡು ಓದಿದೆ. ‘ಮಿಸ್ ಟ್ವಿಲ್ ಮುನಿಸು: ಕಾಲ್ವರ್ಟ್ ಬರೆಯದೆ ಬಿಟ್ಟ ಕೊನೆಯ ಅಧ್ಯಾಯ.’ ಊರ ಅಂಗಡಿಯಲ್ಲಿದ್ದ ಕಾದಂಬರಿಯ ಪ್ರತಿಗಳೆಲ್ಲ ಒಂದೇ ದಿನಕ್ಕೆ ಮುಗಿದವಂತೆ. ಇಂಥ ಹೆಂಗಸನ್ನು ಮೊದಲೇ ಕಂಡಿದ್ದವನ ಪ್ರತಿಭೆ ಎಂಥದ್ದು ಎಂದು ಪ್ರೊಫೆಸರ್ ಲ್ಯಾಂಗ್‌ಟ್ರೀ ಎರಡು ಸಾಲು ಬರೆದಿದ್ದಾನೆ.

ಸತ್ತವನೇ ಮತ್ತೆ ಗೆದ್ದ. ನಾನು ಬಾಯಿ ತೆರೆದರೂ ಅದು ಅವನ ಪುಟ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

“ಅವನ ಹೆಸರು ಇರುತ್ತೆ ಬಿಡೇ,” ಅಂದಳು ಬೆರಿಲ್. “ಅದನ್ನ ನೀನು ಕೀಳೋಕಾಗಲ್ಲ. ಆದ್ರೆ ನಿನ್ನೆ ಚರ್ಚಲ್ಲಿ ಅವ್ರೆಲ್ಲ ಮುಖ ಎತ್ಲಿಲ್ಲ ಕಣೇ. ನಾನು ಕಣ್ಣಾರೆ ನೋಡ್ದೆ.”

“ನನಗೇನು ಬಂತು ಅದರಿಂದ?”

ಅವಳು ಎದ್ದು ಹೋಗಿ ಟೀ ಮಾಡಿದಳು.

ಮೇ 15, ಗುರುವಾರ

ಫಲಕ ಬಿಚ್ಚಿಕೊಂಡು ಹೋದರು. ‘ಸದ್ಯಕ್ಕೆ’ ಗ್ರಂಥಾಲಯದ ಗೋಡೆಗಂತೆ. ಫರ್ನಿವಲ್ ಬರಲಿಲ್ಲ, ಆಳನ್ನು ಕಳಿಸಿದ್ದಳು. “ಗೋಡೇಲಿ ತೂತು ಉಳಿದಿದೆ ಮೇಡಂ, ಬೇಸರ ಇಲ್ಲ ತಾನೇ?” ಎಂದು ಕೇಳಿದ.

“ಇದೆ. ಮುಚ್ಚಿ ಹೋಗಿ,” ಅಂದೆ. ಗಾರೆ ಕಲಸಿ ಮುಚ್ಚಿದ.

ಮೇ 16, ಶುಕ್ರವಾರ

ಬ್ರೆಡ್ ಮುಗಿದಿತ್ತು, ಹೋಗಲೇಬೇಕಾಯಿತು. ಬೇಕರಿಯಲ್ಲಿ ಸಾಲು ಬಾಗಿಲವರೆಗೆ ಇತ್ತು. ನಾನು ಹೋಗಿ ನಿಂತೊಡನೆ ಮಾತು ನಿಂತಿತು. ಎಲ್ಲರಿಗೂ ಬ್ರೆಡ್ಡಿನ ಮೇಲೆ ಭಾರಿ ಆಸಕ್ತಿ ಹುಟ್ಟಿತು. ಸಾಲು ಹಾಗೇ ಸರಿಯಿತು. ಮುಂದಿನ ಹೆಂಗಸು ಚಿಲ್ಲರೆ ಎತ್ತಿಕೊಂಡು ಹೊರಟಳು.

ಬೇಕರಿಯವಳು ಕೈ ಒರೆಸಿಕೊಂಡು, “ಮಿಸ್ ಹೆಸ್ಕಿತ್, ಬನ್ನಿ,” ಅಂದಳು.

ಕರೆದದ್ದು ಬೇರೆ ಯಾರನ್ನೋ ಎಂದುಕೊಂಡು ನಾನು ಪಕ್ಕಕ್ಕೆ ಸರಿದು, ಹಿಂದೆ ನಿಂತವರಿಗೆ ದಾರಿ ಬಿಟ್ಟೆ.